ಮೈಯೊಳಗಿನ ಠೇವಣಿ ಖಾತೆ

“ಎಷ್ಟು ಕೊಬ್ಬು ನಿನಗೆ!” ಎಂದು ಒಮ್ಮೆಯಾದರೂ ಬೈಸಿಕೊಳ್ಳದ ಮಗು ನಮ್ಮಲ್ಲಿ ಸಿಗುವುದು ಕಷ್ಟ. ಸೊಕ್ಕಿಗೆ ಕೊಬ್ಬು ಎನ್ನುವುದು ನಮ್ಮ ರೂಢಿ. ಆದರೆ ಮೈಯಲ್ಲಿರುವ ಕೊಬ್ಬಿಗೆ ಸೊಕ್ಕೆಂಬುದೇ ಇಲ್ಲ. ಕೊಟ್ಟಾಗ ಇಟ್ಟುಕೊಳ್ಳುತ್ತದೆ, ಕೇಳಿದಾಗ ಕೊಡುತ್ತದೆ. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ನಿವೃತ್ತನಾದ ನನಗೆ ಈ ವ್ಯವಹಾರ ತೀರಾ ಪರಿಚಿತವೆನಿಸುತ್ತದೆ.

ಮಕ್ಕಳೇ, ನೀವು ಮುದ್ದೆ, ಸಾರು ಉಂಡಿರಿ ಎನ್ನಿ. ಮುದ್ದೆಯ ಹಿಟ್ಟಿನಂಶ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ಕಳಿಸುತ್ತದೆ. “ಊಟ ಬಂದಿದೆ, ಜಮಾ ಮಾಡಿಕೊಳ್ಳಿ” ಎಂಬುದೇ ಅದರ ಸಂದೇಶ. ಮೊದಲು ಆ ಹೊತ್ತಿನ ಖರ್ಚು. ಮಿಕ್ಕಿದ್ದರಲ್ಲಿ ಸ್ವಲ್ಪ ಭಾಗ ಗ್ಲೈಕೊಜೆನ್ ಆಗಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಉಳಿಯುತ್ತದೆ. ಇದು ಉಳಿತಾಯ ಖಾತೆ ಇದ್ದಂತೆ. ಬೇಗ ತೆಗೆಯಬಹುದು, ಆದರೆ ಹೆಚ್ಚು ಹಿಡಿಯದು. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಅಷ್ಟೆ.

ಅದಕ್ಕೂ ಮಿಕ್ಕಿದ್ದು ಕೊಬ್ಬಿನ ಜೀವಕೋಶಗಳಿಗೆ ಹೋಗುತ್ತದೆ. ಇದು ಠೇವಣಿ. ತುಪ್ಪ, ಎಣ್ಣೆಗಳ ಜಿಡ್ಡು ಸಣ್ಣ ಸಣ್ಣ ಪೊಟ್ಟಣಗಳಾಗಿ ರಕ್ತದಲ್ಲಿ ಬರುತ್ತದೆ. ರಕ್ತನಾಳದ ಒಳಗೋಡೆಯಲ್ಲಿರುವ ಒಂದು ಕಿಣ್ವ ಅದನ್ನು ತುಂಡರಿಸುತ್ತದೆ. ಜೀವಕೋಶ ಆ ತುಂಡುಗಳನ್ನು ಒಳಗೆಳೆದುಕೊಂಡು ಮತ್ತೆ ಜೋಡಿಸಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದ ತುಂಬ ಒಂದೇ ಎಣ್ಣೆಹನಿ. ಕೋಶಕೇಂದ್ರ ಪಕ್ಕಕ್ಕೆ ಒತ್ತರಿಸಿ ಉಂಗುರದ ಹರಳಿನಂತೆ ಕಾಣುತ್ತದೆ.

ಇಡುವುದಕ್ಕೆ ಕೊಬ್ಬೇ ಏಕೆ? ಒಂದು ಗ್ರಾಂ ಹಿಟ್ಟಿನಂಶದಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ಜೊತೆಗೆ ಗ್ಲೈಕೊಜೆನ್ ನೀರನ್ನೂ ಹೊತ್ತುಕೊಂಡಿರುತ್ತದೆ. ಕೊಬ್ಬಿಗೆ ಆ ಭಾರವಿಲ್ಲ. 10 ಕಿಲೋ ಕೊಬ್ಬೆಂದರೆ 90,000 ಕ್ಯಾಲೊರಿ. ದಿನಕ್ಕೆ 2,000ದಂತೆ 45 ದಿನದ ಖರ್ಚು! ಇದು ಕಾಗದದ ಮೇಲಿನ ಲೆಕ್ಕ ಮಾತ್ರ, ಯಾರೂ ಪರೀಕ್ಷಿಸಿ ನೋಡಬೇಡಿ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಇದೇ ಬುತ್ತಿಯನ್ನು ಮೈಯಲ್ಲಿ ತುಂಬಿಕೊಂಡೇ ಹಾರುತ್ತವೆ.

ಇನ್ನು ಹಿಂತೆಗೆಯುವ ಬಗೆ. ರಾತ್ರಿ ಮಲಗಿದಾಗ ಇನ್ಸುಲಿನ್ ಇಳಿಯುತ್ತದೆ. ಓಡಿದಾಗ ಅಡ್ರಿನಲಿನ್ ಏರುತ್ತದೆ. ಆಗ ಜೀವಕೋಶದೊಳಗಿನ ಕಿಣ್ವಗಳು ಕೊಬ್ಬಿನ ಪ್ರತಿ ಅಣುವನ್ನೂ ಮೂರು ಕೊಬ್ಬಿನಾಮ್ಲ, ಒಂದು ಗ್ಲಿಸರಾಲ್ ಆಗಿ ಬಿಡಿಸುತ್ತವೆ. ಕೊಬ್ಬಿನಾಮ್ಲ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿನ ಮೇಲೇರಿ ಸ್ನಾಯು, ಹೃದಯಗಳಿಗೆ ಹೋಗಿ ಉರಿಯುತ್ತದೆ. ಉರಿದ ಮೇಲೆ ಎಲ್ಲಿ ಹೋಯಿತು? ಬೆವರಿನಲ್ಲಿ ಎಂದುಕೊಂಡಿರಾ? 10 ಕಿಲೋ ಕೊಬ್ಬು ಕರಗಿದರೆ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಹಾಗೆಂದು ಕುಳಿತಲ್ಲೇ ಜೋರಾಗಿ ಉಸಿರಾಡಿದರೆ ಕರಗುವುದಿಲ್ಲ. ಕೈಕಾಲು ದುಡಿದು ಕೇಳಬೇಕು.

ಕೇಳದಿದ್ದರೆ ಏನಾಗುತ್ತದೆ ಎಂಬುದು ನನ್ನ ವಯಸ್ಸಿನವರಿಗೆ ಗೊತ್ತು. ಕೊಬ್ಬಿನ ಜೀವಕೋಶಗಳ ಸಂಖ್ಯೆ ಬಹುಮಟ್ಟಿಗೆ ಎಳವೆಯಲ್ಲೇ ನಿಗದಿಯಾಗುತ್ತದೆ. ಆಮೇಲೆ ಜಮಾ ಮಾಡುತ್ತಲೇ ಹೋದರೆ ಅವು ಉಬ್ಬುತ್ತವೆ. ಹಿಡಿಸಲಾರದೆ ಹೋದಾಗ ಕೊಬ್ಬು ಯಕೃತ್ತಿನಲ್ಲೂ ಸೇರುತ್ತದೆ, ಇನ್ಸುಲಿನ್ ಮಾತು ನಡೆಯದಾಗುತ್ತದೆ, ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ತೂಕ ಇಳಿಸಿದರೆ ಜೀವಕೋಶಗಳು ಕುಗ್ಗುತ್ತವೆಯೇ ಹೊರತು ಮಾಯವಾಗುವುದಿಲ್ಲ. ಅದಕ್ಕೇ ಇಳಿದ ತೂಕ ಮತ್ತೆ ಏರಲು ಹವಣಿಸುತ್ತದೆ. ಅದು ಸೋಮಾರಿತನವಲ್ಲ, ದೇಹದ ಗುಣ.

ಆದ್ದರಿಂದ ತರಗತಿಯಲ್ಲಿ ಯಾರನ್ನೂ ಡುಮ್ಮ, ಡುಮ್ಮಿ ಎಂದು ಕರೆಯಬೇಡಿ, ಪುಟಾಣಿಗಳೇ. ಆ ಮಾತಿಗೆ ನೊಂದು ತಿಂಡಿ ಬಿಡುವ ಮಕ್ಕಳಿದ್ದಾರೆ. ಬೆಳೆಯುವ ಮೈಗೆ ಹೊತ್ತು ಹೊತ್ತಿನ ಊಟ ಬೇಕೇ ಬೇಕು. ಅಜ್ಜ-ಅಜ್ಜಿಯರೇ, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾದಶಿ ಉಪವಾಸ ಮಾಡಬೇಡಿ. ಅದರ ಬದಲು ಸಂಜೆ ಮೊಮ್ಮಕ್ಕಳ ಕೈಹಿಡಿದು ಅರ್ಧ ಗಂಟೆ ನಡೆಯಿರಿ. ಇಬ್ಬರ ಖಾತೆಗೂ ಅದು ಒಳ್ಳೆಯದು.