ಪವರ್ ಏರಿಸಿದರೆ ವೈಫೈ ಸರಿಹೋಗುವುದಿಲ್ಲ

ಹೊರಗಡೆ ವೈಫೈ ಸರಿಯಿಲ್ಲ ಎಂದು ದೂರು ಬಂದ ಕಡೆ ಹೋಗಿ ಆಕ್ಸೆಸ್ ಪಾಯಿಂಟಿನ ಸೆಟ್ಟಿಂಗ್ಸ್ ತೆರೆಯಿರಿ. ಕಾಲೇಜು ಮೈದಾನವಾಗಲಿ, ಹೋಂಸ್ಟೇ ಅಂಗಳವಾಗಲಿ, ಟ್ರಾನ್ಸ್‌ಮಿಟ್ ಪವರ್ ಬಹುತೇಕ ತುತ್ತತುದಿಯಲ್ಲೇ ಇರುತ್ತದೆ. ಪವರ್ ಏರಿಸಿದಷ್ಟೂ ದೂರ ಸಿಗುತ್ತದೆ ಎಂಬುದು ಈ ಕ್ಷೇತ್ರದ ಅತಿ ಹಠಮಾರಿ ನಂಬಿಕೆ. ಹೊಸ ಉಪಕರಣಕ್ಕೆ ದುಡ್ಡು ಸುರಿದವರೂ ಮೊದಲು ಮಾಡುವುದು ಇದನ್ನೇ.

ಆಕಾಶವಾಣಿ ಹೇಳಿದ್ದು ನಮಗೆ ಕೇಳಿದರೆ ಅಲ್ಲಿಗೆ ಕೆಲಸ ಮುಗಿಯಿತು. ವೈಫೈ ಹಾಗಲ್ಲ. ಬಂದ ಡೇಟಾಕ್ಕೆ ಮೊಬೈಲ್ ‘ತಲುಪಿತು’ ಎಂದು ತಿರುಗಿ ಹೇಳಲೇಬೇಕು. ಹೇಳದಿದ್ದರೆ ಆಕ್ಸೆಸ್ ಪಾಯಿಂಟ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಕಂಬದ ಮೇಲಿನ ಪೆಟ್ಟಿಗೆ 27 ಡಿಬಿಎಂನಲ್ಲಿ, ಅಂದರೆ ಅರ್ಧ ವ್ಯಾಟ್‌ನಲ್ಲಿ ಕೂಗುತ್ತಿದೆ ಎನ್ನಿ. ಕೈಯಲ್ಲಿರುವ ಮೊಬೈಲ್ 15 ಡಿಬಿಎಂನಲ್ಲಿ ಉತ್ತರಿಸಿದರೆ ಅದು ಬರೀ 32 ಮಿಲಿವ್ಯಾಟ್. ವ್ಯತ್ಯಾಸ 12 ಡೆಸಿಬೆಲ್, ಸುಮಾರು ಹದಿನಾರು ಪಟ್ಟು. ಮೈದಾನದ ಅಂಚಿನಲ್ಲಿ ಮೊಬೈಲಿಗೆ ಸಿಗ್ನಲ್ −68 ಡಿಬಿಎಂ ಕಂಡರೆ, ಅದೇ ಮೊಬೈಲ್ ಆಕ್ಸೆಸ್ ಪಾಯಿಂಟಿಗೆ −80ರ ಆಸುಪಾಸಿನಲ್ಲಿ ಕೇಳಿಸುತ್ತದೆ. ಪರದೆಯ ಮೇಲೆ ಸಿಗ್ನಲ್ ಕಡ್ಡಿಗಳು ಚೆನ್ನಾಗಿಯೇ ಇರುತ್ತವೆ, ಫೋಟೊ ಮಾತ್ರ ಹೋಗುವುದಿಲ್ಲ.

ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ದೂರದ ಪೆಟ್ಟಿಗೆ ಜೋರಾಗಿ ಕೇಳಿಸುವುದರಿಂದ ಮೊಬೈಲ್ ಅದನ್ನೇ ಹಿಡಿದುಕೊಂಡು, ತಲೆಯ ಮೇಲಿರುವ ಇನ್ನೊಂದಕ್ಕೆ ಬದಲಾಗುವುದಿಲ್ಲ. ಒಂದೇ ಚಾನೆಲ್‌ನಲ್ಲಿರುವ ಆಕ್ಸೆಸ್ ಪಾಯಿಂಟುಗಳು ಒಂದರ ಸದ್ದು ಮುಗಿಯಲಿ ಎಂದು ಇನ್ನೊಂದು ಕಾಯುತ್ತವೆ. ಸದ್ದು ದೂರ ಹೋದಷ್ಟೂ ಕಾಯುವವರು ಹೆಚ್ಚು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ ಮೂರು. ಅಲ್ಲಿ ಎಲ್ಲರೂ ಪವರ್ ಏರಿಸಿದರೆ ಎಲ್ಲರದೂ ನಿಧಾನ. ಸಾಲದೆಂದು ಕೆಲವರು ಇನ್ನೂ ಹೆಚ್ಚು ಪವರ್ ಸಿಗಲೆಂದು ಸೆಟ್ಟಿಂಗ್ಸ್‌ನಲ್ಲಿ ದೇಶವನ್ನೇ ಬದಲಿಸುತ್ತಾರೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸುವ ಈ ಬ್ಯಾಂಡಿಗೆ 2005ರ ಅಧಿಸೂಚನೆ ಮಿತಿ ಹಾಕಿದೆ: ಆಂಟೆನಾದ ಗೇನ್ ಸೇರಿ 4 ವ್ಯಾಟ್. ಅದನ್ನು ಮೀರುವುದು ಜಾಣತನವಲ್ಲ, ಕಾನೂನುಬಾಹಿರ.

ಕೆಲಸಕ್ಕೆ ಬರುವ ದಾರಿ ಬೇರೆ ಇದೆ. 2.4ರ ಪವರನ್ನು ಮೊಬೈಲಿನ ಮಟ್ಟಕ್ಕೆ ಇಳಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. ಒಂದು ಪೆಟ್ಟಿಗೆಯಿಂದ ಇಡೀ ಮೈದಾನ ಮುಚ್ಚುವ ಆಸೆ ಬಿಟ್ಟು ಎರಡು ಹಾಕಿ. ಗೇನ್ ಇರುವ ಸೆಕ್ಟರ್ ಆಂಟೆನಾ ಮೊಬೈಲಿನ ಕ್ಷೀಣ ದನಿಯನ್ನೂ ಹಿಡಿಯುತ್ತದೆ. ಬರೀ ಪವರ್ ಅದನ್ನು ಮಾಡಲಾರದು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ ಹೊರಾಂಗಣಕ್ಕೂ ಲೈಸೆನ್ಸ್‌ಮುಕ್ತವಾಯಿತು. ಅಪ್‌ಗ್ರೇಡ್ ಮಾಡುವವರು ಆ ವಿಶಾಲ ಜಾಗವನ್ನು ಬಳಸಿಕೊಳ್ಳಲಿ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮಳೆ ವೈಫೈ ನುಂಗುತ್ತದೆ ಎನ್ನುವುದು ಸುಳ್ಳು: ಈ ತರಂಗಗಳಿಗೆ ಜಡಿಮಳೆಯಿಂದಾಗುವ ನಷ್ಟ ಕಿಲೋಮೀಟರಿಗೆ ಒಂದು ಡೆಸಿಬೆಲ್ ಕೂಡ ಇಲ್ಲ, ಕಾಟ ಕೊಡುವುದು ನೆನೆದ ಎಲೆಗಳು ಮತ್ತು ಕನೆಕ್ಟರಿಗೆ ಇಳಿದ ನೀರು. ನೀರು ತಡೆಯುವ ಐಪಿ67 ದರ್ಜೆ ಎಂದು ಬರೆದ ಪೆಟ್ಟಿಗೆಯೂ ಕೇಬಲ್ ಹೋಗುವ ಗ್ಲ್ಯಾಂಡ್ ಬಿಗಿಯದಿದ್ದರೆ ನೀರು ಕುಡಿಯುತ್ತದೆ. ಹೆಸರು ಅಡಗಿಸಿಟ್ಟ ಮಾತ್ರಕ್ಕೆ ನೆಟ್‌ವರ್ಕ್ ಸುರಕ್ಷಿತವಾಗುವುದಿಲ್ಲ; ಉಚಿತ ಆ್ಯಪ್ ಕೂಡ ಅದನ್ನು ಪತ್ತೆಮಾಡುತ್ತದೆ. ‘ಓಡುತ್ತಿದೆಯಲ್ಲ, ಫರ್ಮ್‌ವೇರ್ ಮುಟ್ಟಬೇಡಿ’ ಎನ್ನುವವರು 2017ರಲ್ಲಿ ಡಬ್ಲ್ಯೂಪಿಎ2ನಲ್ಲಿ ಕಂಡ ‘ಕ್ರ್ಯಾಕ್’ ದೋಷವನ್ನು ನೆನೆಯಲಿ: ಪಾಸ್‌ವರ್ಡ್ ಬದಲಿಸಿದರೂ ಅದು ಹೋಗಲಿಲ್ಲ, ಅಪ್‌ಡೇಟ್ ಮಾತ್ರವೇ ಮದ್ದಾಗಿತ್ತು. ಸೆಟ್ಟಿಂಗ್ಸ್‌ನ ಬ್ಯಾಕಪ್ ತೆಗೆದುಕೊಂಡು, ಯುಪಿಎಸ್ ಇಟ್ಟುಕೊಂಡು ಮಾಡಿ, ಅಷ್ಟೇ.

ನನ್ನ ನಿಜವಾದ ಸಿಟ್ಟು ಡೆಸಿಬೆಲ್ ಗೊತ್ತಿಲ್ಲದವರ ಮೇಲಲ್ಲ. ಡಬ್ಬದ ಮೇಲೆ ‘500 ಮೀಟರ್’ ಎಂದು ಅಚ್ಚಾದರೆ ಪ್ರಶ್ನೆಯೇ ಇಲ್ಲದೆ ನಂಬುವ ನಮ್ಮ ಅಭ್ಯಾಸದ ಮೇಲೆ. ಅಳೆದದ್ದು ಮರವಿಲ್ಲದ ಬಯಲಲ್ಲೇ, ಆ ಕಡೆ ಇದ್ದದ್ದು ಮೊಬೈಲೇ, ಯಾವ ವೇಗದಲ್ಲಿ ಎಂದು ಯಾರೂ ಕೇಳುವುದಿಲ್ಲ. ಪರೀಕ್ಷಿಸಲು ಐದು ನಿಮಿಷ ಸಾಕು. ಬಿಲ್ ಪಾವತಿಸುವ ಮೊದಲು ಅಳವಡಿಸಿದವರನ್ನು ಅಂಗಳದ ಕೊನೆಯ ಮೂಲೆಗೆ ಕರೆದೊಯ್ಯಿರಿ, ನಿಮ್ಮ ಮೊಬೈಲಿನಿಂದಲೇ ಒಂದು ವಿಡಿಯೊ ಅಪ್‌ಲೋಡ್ ಮಾಡಿಸಿ. ಅದು ಹೋಗದಿದ್ದರೆ ಹಣ ಕೊಡಬೇಡಿ.