ಗಾಳಿಯ ಶಿಳ್ಳೆಯ ಮೂಲವನ್ನರಸಿ

ಬೇಸಗೆ ಬಂದಿತೆಂದರೆ ಜರ್ಮನಿಯ ಹೆದ್ದಾರಿಗಳಲ್ಲಿ ಸಾಲುಸಾಲಾಗಿ ಕಾಣಿಸಿಕೊಳ್ಳುವ ಮೋಟರ್‌ಹೋಮ್‌ಗಳು, ಒಲೆ, ಹಾಸಿಗೆ, ನೀರಿನ ತೊಟ್ಟಿ ಮೊದಲಾದ ಸಂಸಾರದ ಸಾಮಗ್ರಿಯನ್ನೆಲ್ಲ ಹೊತ್ತು ನಡೆಯುವ ಮನೆಗಳೇ ಆದುದರಿಂದ, ಗಾಳಿಯನ್ನು ಸೀಳಿ ಸಾಗುವ ಕಾರಿನ ನುಣುಪು ಮೈ ಅವುಗಳಿಗಿಲ್ಲ. ನೆತ್ತಿಯ ಮೇಲೆ ಸೌರಫಲಕ, ಬೆಳಕಿಂಡಿ, ಆಂಟೆನಾ. ಪಕ್ಕದಲ್ಲಿ ಸುತ್ತಿಟ್ಟ ಬಟ್ಟೆಯ ಚಪ್ಪರ. ಬೆನ್ನಿಗೆ ಸೈಕಲ್ ಸ್ಟ್ಯಾಂಡು. ವೇಗವೇರುತ್ತಲೇ ಇವುಗಳಲ್ಲಿ ಯಾವುದೋ ಒಂದು ಶಿಳ್ಳೆ ಹಾಕತೊಡಗಿದರೆ, ಆ ಒಂದೇ ಸ್ವರವನ್ನು ಗಂಟೆಗಟ್ಟಲೆ ಕೇಳಬೇಕಾದವರ ಸಂಕಟ ಸಣ್ಣದಲ್ಲ.

ಆದರೆ ಈ ಸ್ವರವೇ ತನ್ನ ಮೂಲವನ್ನು ಒಂದಿಷ್ಟು ಸೂಚಿಸಬಲ್ಲುದೆಂಬುದು ವಿಜ್ಞಾನದ ಒಂದು ಸೊಗಸು. ತಂತಿಗೋ ಸರಳಿಗೋ ಅಡ್ಡಲಾಗಿ ಹಾಯುವ ಗಾಳಿ, ಅದರ ಹಿಂಬದಿಯಲ್ಲಿ ಒಮ್ಮೆ ಈ ಪಕ್ಕಕ್ಕೆ, ಒಮ್ಮೆ ಆ ಪಕ್ಕಕ್ಕೆ ಸುಳಿಗಳನ್ನು ಕಳಚಿಬಿಡುತ್ತ ಹೋಗುತ್ತದೆ. ಆ ಕ್ರಮಬದ್ಧವಾದ ಆಘಾತಗಳೇ ನಮ್ಮ ಕಿವಿಗೆ ನಾದವಾಗುತ್ತವೆ. ತಂತಿಯ ಬಿಗಿತವಲ್ಲ, ಗಾಳಿಯ ವೇಗ ಮತ್ತು ತಂತಿಯ ದಪ್ಪ ಇವೆರಡೇ ಸ್ವರವನ್ನು ನಿರ್ಧರಿಸುತ್ತವೆಂಬುದನ್ನು ಚೆಕ್ ಭೌತಶಾಸ್ತ್ರಜ್ಞ ಸ್ಟ್ರೌಹಾಲ್ 1878ರಲ್ಲಿಯೇ ಪ್ರಕಟಿಸಿದ್ದನು. ವೇಗವನ್ನು ದಪ್ಪದಿಂದ ಭಾಗಿಸಿ, ಬಂದುದರ ಐದನೆಯ ಒಂದು ಪಾಲನ್ನು ತೆಗೆದುಕೊಂಡರೆ ಕಂಪನಸಂಖ್ಯೆ ಸುಮಾರಾಗಿ ದೊರೆಯುತ್ತದೆ. ಗಂಟೆಗೆ 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, 5 ಮಿಲಿಮೀಟರಿನ ಆಂಟೆನಾ ಕಡ್ಡಿ ಸೆಕೆಂಡಿಗೆ 1000 ಕಂಪನಗಳ ತೀಕ್ಷ್ಣ ಸ್ವರವನ್ನೂ, 25 ಮಿಲಿಮೀಟರಿನ ಕ್ಯಾರಿಯರ್ ಸರಳು 200 ಕಂಪನಗಳ ಗಂಭೀರವಾದ ಗುಂಯ್‌ಕಾರವನ್ನೂ ಹೊರಡಿಸುತ್ತವೆ. ಶಿಳ್ಳೆ ಸಣ್ಣಗಿದ್ದರೆ ತೆಳುವಾದ ಕಡ್ಡಿಯನ್ನೋ ಕಿರಿದಾದ ಸಂದನ್ನೋ ಶಂಕಿಸತಕ್ಕದ್ದು. ಬಾಗಿಲ ಸಂದು, ಬೆಳಕಿಂಡಿಯ ಅಂಚು ಇವುಗಳ ಲೆಕ್ಕಾಚಾರ ಬೇರೆಯಾದರೂ ಸುಳಿಯ ಕಾರುಬಾರು ಅಲ್ಲಿಯೂ ಉಂಟು.

ಕಿವಿಯನ್ನೊಂದನ್ನೇ ನೆಚ್ಚುವುದು ಮಾತ್ರ ಸಲ್ಲದು. ಹೊರಗೆ ಹುಟ್ಟಿದ ಸದ್ದು ಗೋಡೆ, ಚಾವಣಿಗಳನ್ನು ಹಾಯ್ದು, ಮುಂದಿನದು ಹಿಂದಿನದೆಂಬಂತೆ ಕೇಳಿಸುತ್ತದೆ. ವೇಗವನ್ನು ಬದಲಿಸದೆ ಗೇರನ್ನು ಬದಲಿಸಿದಾಗ ಸ್ವರವೂ ಬದಲಾದರೆ ಅದು ಎಂಜಿನ್ನಿನದು, ರಸ್ತೆಯ ಮೈ ಬದಲಾದಾಗ ಬದಲಾದರೆ ಟೈರಿನದು. ಎದುರುಗಾಳಿಗೆ ಏರಿ, ಬೆನ್ನಗಾಳಿಗೆ ಇಳಿದರೆ ಅದು ಗಾಳಿಯದೇ. ಆಮೇಲೆ ಬೇಕಾದುದು ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪಿನ ಒಂದು ಸುರುಳಿ. ಗಾಳಿ ತಗ್ಗಿದ ದಿನ, ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಒಂದು ಸಲಕ್ಕೆ ಒಂದೇ ಸಂದನ್ನು ಮುಚ್ಚಿ ಓಡಿಸಿ ನೋಡಬೇಕು. ಆಲಿಸುವ ಕೆಲಸ ಜೊತೆಗಾರನದಾಗಬೇಕೇ ಹೊರತು ಚಾಲಕನದಲ್ಲ. ಆತುರದಿಂದ ನಾಲ್ಕಾರು ಕಡೆ ಒಟ್ಟಿಗೆ ಟೇಪು ಅಂಟಿಸಿದವನಿಗೆ ಸದ್ದು ನಿಂತರೂ ಕಾರಣ ತಿಳಿಯದೆ ಉಳಿಯುತ್ತದೆ. ಬಾಗಿಲ ರಬ್ಬರಿನ ಪರೀಕ್ಷೆಯಂತೂ ನಿಂತಲ್ಲಿಯೇ ಆಗುವಂಥದು: ಕಾಗದದ ಚೂರೊಂದನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆದಾಗ, ಅದು ಹಿಡಿತವಿಲ್ಲದೆ ಜಾರಿ ಬಂದ ಜಾಗದಲ್ಲಿ ರಬ್ಬರು ಕುಗ್ಗಿದೆಯೆಂದು ತಿಳಿಯಬಹುದು.

ಸರಳೇ ಅಪರಾಧಿಯೆಂದು ಗೊತ್ತಾದರೆ, ಅದಕ್ಕೆ ಹಗ್ಗವೊಂದನ್ನು ಅಂತರ ಬಿಟ್ಟು ಸುರುಳಿಯಾಗಿ ಸುತ್ತಿ ಭದ್ರಪಡಿಸುವುದು ಸುಲಭೋಪಾಯ. ಸುಳಿಗಳು ಉದ್ದಕ್ಕೂ ಏಕಕಾಲದಲ್ಲಿ ಕಳಚದಂತಾಗಿ ನಾದ ಚದರಿಹೋಗುತ್ತದೆ. ಎತ್ತರದ ಉಕ್ಕಿನ ಹೊಗೆಗೊಳವೆಗಳ ತುದಿಯಲ್ಲಿ ಕಾಣುವ ಸುರುಳಿಪಟ್ಟಿಯ ಉದ್ದೇಶವೂ ಸುಳಿಗಳ ಈ ಮೇಳವನ್ನು ಮುರಿಯುವುದೇ. ದುರಸ್ತಿಯಾಗುವವರೆಗೆ ವೇಗವನ್ನು ತುಸು ಇಳಿಸಿದರೂ ಲಾಭವುಂಟು, ಏಕೆಂದರೆ ಇಂಥ ಶಬ್ದದ ಶಕ್ತಿ ವೇಗದ ಸುಮಾರು ಆರನೆಯ ಘಾತದಂತೆ ಏರುವುದರಿಂದ, 100ರಿಂದ 80 ಕಿಲೋಮೀಟರಿಗೆ ಇಳಿದಾಗ ಅದು ಕಾಲುಭಾಗದಷ್ಟೇ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಲೇಬೇಕು. ಅನಿಲದಿಂದ ನಡೆಯುವ ಫ್ರಿಜ್ಜಿನ ಹಿಂದಣ ಜಾಲರಿಯೂ, ಸೋರಿದ ಅನಿಲ ಹೊರಬೀಳಲೆಂದು ನೆಲದಲ್ಲಿ ಬಿಟ್ಟ ರಂಧ್ರಗಳೂ ಶಿಳ್ಳೆ ಹಾಕಬಹುದು. ಪರೀಕ್ಷೆಗಾಗಿ ಫ್ರಿಜ್ಜಿನ ಜಾಲರಿಗೆ ಅಂಟಿಸಿದ ಟೇಪನ್ನು ಫ್ರಿಜ್ಜು ಹಚ್ಚುವ ಮುನ್ನ ಕಿತ್ತುಬಿಡಬೇಕು, ನೆಲದ ರಂಧ್ರಗಳನ್ನಂತೂ ಯಾವ ಕಾರಣಕ್ಕೂ ಮುಚ್ಚಕೂಡದು.