ಹೋಟೆಲಿನ ಹಲಗೆಯೂ ಬಾಣಸಿಗನ ಹೆಸರೂ

ಉಪಾಹಾರಗೃಹಗಳ ವಿಷಯವು ಈ ಪುಟಕ್ಕೆ ತಕ್ಕುದಲ್ಲವೆಂದು ನಮ್ಮ ವಾಚಕರಲ್ಲಿ ಕೆಲವರಿಗೆ ತೋರಬಹುದು. ರಾಜ್ಯದ ಆಯವ್ಯಯ, ಕೆರೆಗಳ ಹೂಳು, ಶಾಲೆಗಳ ದುರವಸ್ಥೆ ಮುಂತಾದ ಪ್ರಶ್ನೆಗಳಿರಲು ಇಡ್ಲಿ ದೋಸೆಗಳ ಚರ್ಚೆಗೆ ಇಲ್ಲಿ ಸ್ಥಳವೆಲ್ಲಿಯದೆಂದು ಅವರು ಕೇಳಬಹುದು. ನಮ್ಮ ಉತ್ತರವಿಷ್ಟೆ: ಇಂದಿನ ಪಟ್ಟಣದಲ್ಲಿ ಕಚೇರಿಯ ಗುಮಾಸ್ತನೂ, ಕಾಲೇಜಿನ ವಿದ್ಯಾರ್ಥಿಯೂ, ಸಂತೆಗೆ ಬಂದ ರೈತನೂ, ವಾಯಿದೆಗೆ ಬಂದ ಕಕ್ಷಿಗಾರನೂ ದಿನಕ್ಕೆ ಒಂದು ಹೊತ್ತಾದರೂ ಹೋಟೆಲಿನ ಆಹಾರವನ್ನೇ ನೆಚ್ಚಿರುತ್ತಾರೆ. ಇಷ್ಟು ಜನರ ಆರೋಗ್ಯವು ಯಾವನ ಕೈಯಲ್ಲಿರುವುದೋ ಆ ಬಾಣಸಿಗನು ಸಾರ್ವಜನಿಕ ಸೇವಕನೇ ಸರಿ. ಆತನ ಕೆಲಸವನ್ನು ವಿಚಾರಿಸುವುದು ಪೌರರ ಹಕ್ಕು. ಆತನ ಯೋಗಕ್ಷೇಮವನ್ನು ವಿಚಾರಿಸುವುದು ಪೌರರ ಕರ್ತವ್ಯ. ತುಮಕೂರು, ಗುಬ್ಬಿ, ಕುಣಿಗಲು ಎಂಬ ಒಂದೇ ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸುವೆವು.

ಅನ್ನವನ್ನು ವಿಕ್ರಯಿಸಬಾರದೆಂಬುದು ಈ ನಾಡಿನ ಹಳೆಯ ನಡೆ. ದಾರಿಹೋಕನಿಗೆ ಛತ್ರವಿತ್ತು, ಮಠವಿತ್ತು, ಅದಿಲ್ಲದ ಕಡೆ ಬುತ್ತಿಯ ಗಂಟಿತ್ತು. ಈ ನಡೆಯನ್ನು ಬದಲಾಯಿಸಿದುದು ಹೊಗೆಬಂಡಿಯೂ ಕಚೇರಿಯೂ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂದಿತು; ಬಂಡಿಯಿಂದ ಇಳಿದವನಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಕಾಫಿ ಬೇಕಾದುವು. ಅದನ್ನೊದಗಿಸಲು ಘಟ್ಟದ ಕೆಳಗಿನಿಂದ ಬಂದವರು ಉಡುಪಿ ಸೀಮೆಯ ಸಾಹಸಿಗಳು. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಆ ಕುಲದ ಹೆಸರಾಂತ ಸಂತಾನ. ಮೈಸೂರು ಸೀಮೆಯ ಪಟ್ಟಣಗಳಿಗೆ ಹೋಟೆಲಿನ ಶಿಸ್ತನ್ನೂ ಶುಚಿಯನ್ನೂ ಕಲಿಸಿದವರು ಇವರೇ ಎಂದರೆ ಅತ್ಯುಕ್ತಿಯಾಗದು.

ಆದರೆ ಆ ಕಾಲದ ಹೋಟೆಲುಗಳಲ್ಲಿ ಒಂದು ಕಲಂಕವೂ ಇತ್ತು. ಜಾತಿಗೊಂದು ಕೋಣೆ, ಕೆಲವರಿಗೆ ಹೊರಗಿನ ಜಗಲಿ, ಮತ್ತೆ ಕೆಲವರಿಗೆ ಅದೂ ಇಲ್ಲ. ಕಾಸು ಎಲ್ಲರದೂ ಒಂದೇ ಆದರೂ ಲೋಟ ಬೇರೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿಗಳ ಜೊತೆಗೆ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೆಸರಿಟ್ಟು ಹೇಳಿ, ಜಾತಿಮತಗಳ ಕಾರಣದಿಂದ ಯಾರನ್ನೂ ಅಲ್ಲಿಂದ ಹೊರಗಿಡಕೂಡದೆಂದು ವಿಧಿಸಿತು. ರಾಷ್ಟ್ರವನ್ನು ಕಟ್ಟಿದ ಹಿರಿಯರು ಹೋಟೆಲಿನ ಬಾಗಿಲನ್ನು ಇಷ್ಟು ಮುಖ್ಯವೆಂದು ಎಣಿಸಿರುವಾಗ ಅದರ ವಿಷಯ ಅಲ್ಪವೆನ್ನುವವರಾರು?

ಇನ್ನು ತುಮಕೂರಿನ ಮಾತು. ಈ ನಗರದ ಹೆಸರನ್ನು ದೂರ ಒಯ್ದಿರುವ ತಿಂಡಿ ತಟ್ಟೆ ಇಡ್ಲಿ. ಇಡ್ಲಿಯು ಕನ್ನಡಿಗರಿಗೆ ಹೊಸತಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬಂದಿದೆ, ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಸಂಬಾರ ಬೆರಸಿ ಮಾಡುವ ಕ್ರಮವಿದೆ. ಅಂದಿನ ಆ ಕ್ರಮದಲ್ಲಿ ಅಕ್ಕಿಯ ಮಾತಿಲ್ಲ. ಅಕ್ಕಿಯೂ ಉದ್ದೂ ಕೂಡಿ ರಾತ್ರಿಯೆಲ್ಲ ಹುದುಗುವ ಇಂದಿನ ಹಿಟ್ಟು ಆಮೇಲಿನ ಬಾಣಸಿಗರ ಬುದ್ಧಿಯ ಫಲ. ತುಮಕೂರಿನವರು ಇದಕ್ಕೆ ಕೊಟ್ಟ ರೂಪವು ತಟ್ಟೆಯದು: ಅಂಗೈಗಿಂತ ಅಗಲ, ಹತ್ತಿಯಂತೆ ಮೆದು, ಮೇಲೊಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ಹಿಟ್ಟಿಗೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸುವರು. ಒಬ್ಬೊಬ್ಬರ ಕೈಯ ಅಳತೆ ಒಂದೊಂದು. ತಟ್ಟೆಗಳನ್ನು ಗೂಡಿನಲ್ಲಿ ಒಂದರ ಮೇಲೊಂದು ಜೋಡಿಸಿ ಆವಿಯಲ್ಲಿ ಬೇಯಿಸುವರು. ಚಳಿಗಾಲದಲ್ಲಿ ಹಿಟ್ಟು ಏಳಲು ಹೊತ್ತು ಹೆಚ್ಚು ಬೇಕು, ಬೇಸಗೆಯಲ್ಲಿ ಬಹುಬೇಗ ಹುಳಿಯುವುದು. ಇದನ್ನು ಗಡಿಯಾರ ಹೇಳಲಾರದು, ಹಿಟ್ಟಿನೊಳಗೆ ಇಳಿಸಿದ ಕೈ ಹೇಳುವುದು.

ಸಿದ್ಧಗಂಗೆಗೆ ತಿರುಗುವಲ್ಲಿ ಹೆದ್ದಾರಿಯ ಬದಿಗಿರುವ ಕ್ಯಾತಸಂದ್ರವು ಈ ತಿಂಡಿಯ ತವರೆಂದು ಹೆಸರಾಗಿದೆ. ಅಲ್ಲಿಯ ಪವಿತ್ರಾ ಹೋಟೆಲಿನಂಥ ಸಣ್ಣ ಅಂಗಡಿಗಳ ಮುಂದೆ ಬೆಂಗಳೂರಿನಿಂದ ಹೊರಟ ವಾಹನಗಳು ಬೆಳಗಿನಲ್ಲಿ ನಿಲ್ಲುವುದು ಎಲ್ಲರೂ ಬಲ್ಲ ಸಂಗತಿ. ಪೀಠೋಪಕರಣದ ಆಡಂಬರವಿಲ್ಲ, ಪದಾರ್ಥಗಳ ಉದ್ದ ಪಟ್ಟಿಯಿಲ್ಲ. ನಾಲ್ಕೈದು ತಿಂಡಿಗಳನ್ನು ಮಾತ್ರ ಮಾಡಿ, ಅವನ್ನು ಕೆಡದಂತೆ ಮಾಡುವುದೇ ಇಂಥ ಅಂಗಡಿಗಳ ಗುಟ್ಟು. ನಗರದ ಒಳಗೆ ಇಂದು ಆಂಧ್ರದ ಊಟ, ಉತ್ತರದ ರೊಟ್ಟಿ ಪನ್ನೀರು, ಬಿರಿಯಾನಿ, ಸಂಜೆಯ ಗಾಡಿಗಳ ಗೋಬಿ ಮಂಚೂರಿ ಎಲ್ಲವೂ ದೊರೆಯುತ್ತವೆ. ಪರದೇಶದ ರುಚಿಯನ್ನು ನಾವು ದ್ವೇಷಿಸುವವರಲ್ಲ. ಕಾಫಿಯೂ ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದುವಷ್ಟೆ. ಆದರೆ ಅತಿಥಿಗೆ ಜಾಗ ಕೊಡಲು ಮನೆಯವನು ಹೊರಗೆ ಹೋಗಬೇಕಾಗಿಲ್ಲ.

ಕೀರ್ತಿಯ ಬೆನ್ನಿಗೆ ಅಪಾಯವೂ ಬಂದಿದೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು ನಾಡಿನ ನಾನಾ ಕಡೆಗಳಲ್ಲಿ 250ರಷ್ಟು ಹೋಟೆಲು ಅಂಗಡಿಗಳನ್ನು ಪರೀಕ್ಷಿಸಲು, 50ಕ್ಕೂ ಹೆಚ್ಚು ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯನ್ನು ಹಾಸುತ್ತಿದ್ದುದು ಕಂಡುಬಂದಿತು. ಸರ್ಕಾರವು ಅದನ್ನು ನಿಷೇಧಿಸಿತು. ಅದರ ಹಿಂದಿನ ವರ್ಷ, 2024ರಲ್ಲಿ, ಗೋಬಿ ಮಂಚೂರಿಗೂ ಕಬಾಬಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದಿತು. ಬಟ್ಟೆಯನ್ನು ಪ್ರತಿದಿನ ಒಗೆದು, ಕುದಿಸಿ, ಒಣಗಿಸಬೇಕು. ಹಾಳೆಯನ್ನು ಎಸೆದರೆ ಸಾಕು. ಇಷ್ಟು ಸಣ್ಣ ಸೋಮಾರಿತನಕ್ಕಾಗಿ ಗಿರಾಕಿಯ ಹೊಟ್ಟೆಗೆ ವಿಷ ಬೆರಸುವುದು ಯಾವ ವ್ಯಾಪಾರನೀತಿ? ತುಮಕೂರಿನ ಹೋಟೆಲು ಮಾಲೀಕರು ಇದನ್ನು ಇತರರಿಗಿಂತ ಹೆಚ್ಚಾಗಿ ಮನಸ್ಸಿಗೆ ತಂದುಕೊಳ್ಳಬೇಕು. ತಟ್ಟೆ ಇಡ್ಲಿಯ ಮಾನ ಹೋದರೆ ಊರಿನ ಮಾನವೂ ಹೋಗುವುದು.

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಹೋದರೆ ಗುಬ್ಬಿ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಕಂಡಾಗಲೇ ಇದು ವ್ಯಾಪಾರದ ಊರಾಗಿದ್ದಿತು. ಅಡಕೆ, ತೆಂಗು, ಕೊಬ್ಬರಿಗಳ ಸೀಮೆಯಿದು. ತುಮಕೂರಿನ ಚಟ್ನಿಯ ರುಚಿ ಗುಬ್ಬಿ, ತಿಪಟೂರುಗಳ ತೋಟಗಳಲ್ಲಿ ಹುಟ್ಟುವುದು. 1884ರಲ್ಲಿಯೇ ಈ ಊರಿನಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿಯು ಸ್ಥಾಪಿತವಾಯಿತು. ಅದನ್ನು ನಾಡಿನ ಹೆಮ್ಮೆಯಾಗಿ ಬೆಳೆಸಿದ ಗುಬ್ಬಿ ವೀರಣ್ಣನವರ ಕಂಪೆನಿಯ ಡೇರೆ ಹೋದಲ್ಲೆಲ್ಲ ಒಲೆಯೂ ಹೋಗಬೇಕಾಗಿದ್ದಿತು. ನಟರ ಹೆಸರನ್ನೂ ಪಾತ್ರಗಳ ಹೆಸರನ್ನೂ ನಾವು ನೆನೆಯುತ್ತೇವೆ; ಮಧ್ಯರಾತ್ರಿ ಮೀರಿ ಬಣ್ಣ ತೊಳೆದು ಬಂದವರಿಗೆ ಬಿಸಿ ಅನ್ನ ಬಡಿಸಿದವನ ಹೆಸರನ್ನು ಯಾರು ಬಲ್ಲರು?

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದಿದೆ. ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಕಳೆದ ದಶಕದಲ್ಲಿ ಅದನ್ನು ಪರೀಕ್ಷಿಸಿ, ವಿಶೇಷ ತಳಿಯೆಂದು ಗುರುತಿಸಿ, ಮರ ನೆಟ್ಟ ರೈತನ ಹೆಸರಿನಿಂದಲೇ ‘ಸಿದ್ದು’ ಹಲಸೆಂದು ಕರೆದರು. ಎಂಥ ಉಚಿತವಾದ ಗೌರವ! ಮರ ನೆಟ್ಟವನಿಗೆ ಸಂದ ಈ ಮರ್ಯಾದೆಯು ಅಡಿಗೆ ಮಾಡಿದವನಿಗೂ ಸಲ್ಲಬೇಡವೆ? ಮೊದಲು ತಟ್ಟೆಯಲ್ಲಿ ಇಡ್ಲಿ ಎರೆದವನು ಯಾರೆಂದು ಒಂದು ಕಲ್ಲಿನ ಮೇಲೂ ಬರೆದಿಲ್ಲ. 2023ರ ಫೆಬ್ರವರಿಯಲ್ಲಿ ಈ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟನೆಯಾಯಿತು. ಕಾರ್ಖಾನೆಯ ಜೊತೆಗೆ ಹೊರಗಿನ ಉದ್ಯೋಗಿಗಳೂ, ಅವರ ಹಿಂದೆಯೇ ಹೊಸ ಹೋಟೆಲುಗಳೂ ಬರುವುದು ಸಹಜ. ಗುಬ್ಬಿಯ ಸ್ವಂತ ರುಚಿಗಳನ್ನು ಈಗಲೇ ಗುರುತಿಸಿಡದಿದ್ದರೆ ಆಮೇಲೆ ಹುಡುಕಬೇಕಾಗುವುದು.

ಕುಣಿಗಲಿನ ಸ್ಥಿತಿ ಬೇರೆ. ದೊಡ್ಡ ಕೆರೆಗೂ ಕುದುರೆ ಫಾರಮ್ಮಿಗೂ ಹೆಸರಾದ ಈ ಊರು ಬೆಂಗಳೂರಿನಿಂದ ಹಾಸನ, ಮಂಗಳೂರುಗಳಿಗೆ ಹೋಗುವ ದಾರಿಯಲ್ಲಿದೆ. ರೈಲು ಇಲ್ಲಿಗೆ ಬಂದುದು 2017ರಲ್ಲಿ. ಅಲ್ಲಿಯವರೆಗೆ ರಸ್ತೆಯೇ ಇದರ ಜೀವನಾಡಿಯಾಗಿದ್ದಿತು. ಈ ದಾರಿಯ ಮಿಲಿಟರಿ ಹೋಟೆಲುಗಳಲ್ಲಿ ರಾಗಿಮುದ್ದೆ, ನಾಟಿಕೋಳಿ ಸಾರು, ಕಾಲು ಸೂಪು ಇವುಗಳಿಗೇ ಅಗ್ರಸ್ಥಾನ. ಇಡ್ಲಿ ಕಾಫಿಗಳ ಹೋಟೆಲಿನಲ್ಲಿ ಮುದ್ದೆಗೆ ಬಹುಕಾಲ ಪ್ರವೇಶವಿರಲಿಲ್ಲ. ಹಳ್ಳಿಯ ಊಟವೆಂದು ಪಟ್ಟಣವು ಮೂಗು ಮುರಿದಾಗ ಅದಕ್ಕೆ ಎಲೆ ಹಾಕಿ ಬಡಿಸಿದ್ದು ಮಿಲಿಟರಿ ಹೋಟೆಲು. ಮುದ್ದೆ ಕಟ್ಟುವುದು ಸುಲಭವೆನ್ನುವವರು ಒಮ್ಮೆ ಕೋಲು ಹಿಡಿದು ನೋಡಲಿ: ಎಸರು ಕುದಿವ ಹದ, ಹಿಟ್ಟು ಹಾಕುವ ಹದ, ಗಂಟಾಗದಂತೆ ತಿರುವುವ ತೋಳಿನ ಬಲ ಇವು ಮೂರೂ ಕೂಡಿದರೆ ಮುದ್ದೆ, ತಪ್ಪಿದರೆ ಅಂಬಲಿ. ಈಗ ಹೆದ್ದಾರಿಯು ಅಗಲವಾಗಿ ಊರಿನ ಹೊರಗಿನಿಂದ ಹಾದುಹೋಗಿದೆ. ಪೇಟೆಯ ಹಳೆಯ ಹೋಟೆಲಿಗೆ ದಾರಿಹೋಕ ಗಿರಾಕಿ ತಪ್ಪಿದರೆ ಒಲೆ ಉರಿಯುವುದು ಊರವರ ಆದರದಿಂದ ಮಾತ್ರ.

ಈ ಸೀಮೆಯ ಅತಿ ದೊಡ್ಡ ಅಡಿಗೆಮನೆಗಳಲ್ಲಿ ಅನ್ನಕ್ಕೆ ಬೆಲೆಯಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಕುಣಿಗಲು ತಾಲ್ಲೂಕಿನ ಯಡಿಯೂರಿನಲ್ಲಿ ಯಾತ್ರಿಕರಿಗೆ ದಾಸೋಹ ನಡೆಯುತ್ತಿದೆ. ಸಿದ್ಧಗಂಗೆಯಲ್ಲಿ ಸುಮಾರು 10,000 ವಿದ್ಯಾರ್ಥಿಗಳಿಗೆ ಜಾತಿಮತಗಳ ಭೇದವಿಲ್ಲದೆ ಅನ್ನವೂ ವಿದ್ಯೆಯೂ ದೊರೆಯುತ್ತಿವೆ. 111 ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಈ ಕಾರ್ಯವನ್ನು ಅಷ್ಟೆತ್ತರಕ್ಕೆ ತಂದರು. ಅಲ್ಲಿ ಬಡಿಸುವುದು ಈ ನೆಲದಲ್ಲಿ ಬೆಳೆದ ರಾಗಿಯ ಮುದ್ದೆ. ಮಠದಲ್ಲಿ ಸಹಸ್ರಾರು ಮಕ್ಕಳನ್ನು ಸಾಕಿದ ಈ ಆಹಾರವು, 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೂ, ಪೇಟೆಯ ಎಷ್ಟೋ ಸಸ್ಯಾಹಾರದ ಹೋಟೆಲುಗಳ ಹಲಗೆಯ ಮೇಲೆ ಏರಿಲ್ಲ. ಅವರೆಕಾಳಿನ ಸಾರು, ಹುರುಳಿಕಟ್ಟಿನ ಸಾರು, ಸೊಪ್ಪಿನ ಬಸ್ಸಾರು ಇವು ಮನೆಗಳಲ್ಲಿ ಉಳಿದಿವೆ; ಪರಸ್ಥಳದವನು ತುಮಕೂರಿಗೆ ಬಂದು ವಾರವಿದ್ದರೂ ಇವುಗಳ ಪರಿಚಯವಾಗದೆ ಹಿಂದಿರುಗಬಹುದು. ಅವನು ಈ ನಾಡನ್ನು ನೋಡಿದಂತಾಯಿತೆ?

ಆದುದರಿಂದ ನಮ್ಮ ಸೂಚನೆಗಳು ಮೂರು. ಮೊದಲನೆಯದು ಶುಚಿಗೆ ಸೇರಿದುದು. ಮಹಾನಗರಪಾಲಿಕೆಯ ಅಧಿಕಾರಿಗಳು ವರ್ಷಕ್ಕೊಮ್ಮೆ ಗದ್ದಲವೆಬ್ಬಿಸಿ ದಂಡ ಹಾಕುವುದಕ್ಕಿಂತ, ತಿಂಗಳಿಗೊಮ್ಮೆ ಸದ್ದಿಲ್ಲದೆ ಅಡಿಗೆಮನೆಯನ್ನು ನೋಡಿಬರಲಿ. ಮಾಲೀಕರೂ ಗಿರಾಕಿಗಳು ಒಳಗೆ ಇಣುಕಿ ನೋಡಲು ಅಡ್ಡಿಪಡಿಸದಿರಲಿ. ಎರಡನೆಯದು ಹಲಗೆಗೆ ಸೇರಿದುದು. ಪ್ರತಿಯೊಂದು ಹೋಟೆಲೂ ದಿನಕ್ಕೊಂದಾದರೂ ಈ ಸೀಮೆಯ ಪದಾರ್ಥವನ್ನು ಹಲಗೆಯ ಮೇಲೆ ಬರೆಯಲಿ; ರಾಗಿ ಬೆಳೆದ ರೈತನಿಗೂ ಅದರಿಂದ ನಾಲ್ಕು ಕಾಸು ಬರುವುದು. ವಸಂತನರಸಾಪುರದಲ್ಲಿ 2014ರಲ್ಲಿ ದೊಡ್ಡ ಫುಡ್ ಪಾರ್ಕು ತೆರೆದ ಜಿಲ್ಲೆಯಲ್ಲಿ ಇದು ಅಸಾಧ್ಯವೆನ್ನಲಾಗದು.

ಮೂರನೆಯದು ಬಾಣಸಿಗನಿಗೆ ಸೇರಿದುದು, ಇದೇ ಮುಖ್ಯ. ನಾವು ಇನ್ನೂ ಮಲಗಿರುವಾಗಲೇ ಆತನು ಎದ್ದು ಒಲೆ ಹಚ್ಚುವನು. ನಾವು ಉಂಡು ಎದ್ದ ಮೇಲೆ ಆತನು ಉಣ್ಣುವನು. ಕಾಖೆಯೂ ಹೊಗೆಯೂ ಆತನ ಪಾಲಿಗೆ, ಹೊಗಳಿಕೆ ಗಲ್ಲದವನ ಪಾಲಿಗೆ. ಹೀಗಿರುವಾಗ ತನ್ನ ಮಗನು ಈ ವೃತ್ತಿಗೆ ಬರಲಿ ಎಂದು ಆತನು ಹಾರೈಸುವುದಾದರೂ ಹೇಗೆ? ಮಗನು ಬಾರದಿದ್ದರೆ ಕೈಯ ಹದವು ಅಲ್ಲಿಗೇ ಮುಗಿಯುವುದು. ಅದನ್ನು ಯಾವ ಪುಸ್ತಕದಲ್ಲಿಯೂ ಬರೆದಿಟ್ಟಿಲ್ಲ. ಬಾಣಸಿಗನಿಗೆ ತಕ್ಕ ಸಂಬಳವನ್ನೂ, ವಾರಕ್ಕೊಂದು ವಿರಾಮವನ್ನೂ, ಹೊಗೆ ಹೊರಹೋಗುವ ಅಡಿಗೆಮನೆಯನ್ನೂ ಮಾಲೀಕರು ಕೊಡಲಿ. ತುಮಕೂರು ವಿಶ್ವವಿದ್ಯಾನಿಲಯದ ಕನ್ನಡ ವಿದ್ಯಾರ್ಥಿಗಳು ಹಿರಿಯ ಬಾಣಸಿಗರನ್ನೂ, ಮನೆಗಳ ಹಿರಿಯ ಹೆಂಗಸರನ್ನೂ ಕಂಡು, ಅವರ ಮಾತಿನಲ್ಲಿಯೇ ಅಡಿಗೆಯ ಕ್ರಮಗಳನ್ನು ಬರೆದಿಡಲಿ. ಹಳೆಯ ಕವಿಗಳು ಇಡ್ಡಲಿಗೆಯ ಹೆಸರನ್ನು ಬರೆದಿಟ್ಟುದರಿಂದಲ್ಲವೆ ಸಾವಿರ ವರ್ಷಗಳ ಮೇಲೆ ಅದು ನಮ್ಮದೆಂದು ನಾವು ಹೇಳಿಕೊಳ್ಳುತ್ತಿರುವುದು?

ಇದಾವುದಕ್ಕೂ ಸರ್ಕಾರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಪದಾರ್ಥಗಳ ಪಟ್ಟಿ ಬರೆಯುವ ಹಲಗೆಯ ಕೆಳಗಡೆ ಅಡಿಗೆಯವನ ಹೆಸರನ್ನೂ ಬರೆಯಲು ಒಂದು ತುಂಡು ಸೀಮೆಸುಣ್ಣ ಸಾಕು. ಮೂರು ಊರುಗಳ ಮಾಲೀಕರಲ್ಲಿ ಯಾರು ಮೊದಲು ಆ ಸುಣ್ಣವನ್ನು ಕೈಗೆ ತೆಗೆದುಕೊಳ್ಳುವರೋ ಅವರನ್ನು ನಾವು ಹೃತ್ಪೂರ್ವಕವಾಗಿ ಅಭಿನಂದಿಸುವೆವು.